ಕೈ ಕಡಿಮೆ, ತೇವ ಹೆಚ್ಚು: ಬಿಗಿ ಸುರುಳಿಯ ಕೂದಲನ್ನು ಉದ್ದ ಉಳಿಸಿಕೊಳ್ಳುವ ಬಗೆ

(ಯಲ್ಲಾಪುರದಲ್ಲಿ ಹೆಣ್ಣುಮಕ್ಕಳ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಓದಿಗಾಗಿ ತಿದ್ದಿ ಬರೆದ ರೂಪ)

ಎಲ್ಲರಿಗೂ ನಮಸ್ಕಾರ. ಕೂದಲಿನ ಬಗ್ಗೆ ಮಾತಾಡಲು ಹೋದಲ್ಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ, ಕೂದಲು ಬೆಳೆಯಲು ಏನು ಹಚ್ಚಬೇಕು ಎಂಬುದು. ಕೇಶತೈಲ, ಶಾಂಪೂಗಳನ್ನು ತಯಾರಿಸುವ ರಸಾಯನಶಾಸ್ತ್ರವೇ ನನ್ನ ವೃತ್ತಿಯಾಗಿದ್ದರಿಂದ, ನನ್ನ ಕೈಚೀಲದಲ್ಲಿ ಯಾವುದೋ ಒಂದು ಸೀಸೆ ಇದ್ದೇ ಇರುತ್ತದೆ ಎಂದು ಕೇಳುವವರು ನಂಬಿರುತ್ತಾರೆ. ಆದರೆ ಕೂದಲು ಬೆಳೆಯುವುದು ಚರ್ಮದ ಒಳಗಿನ ಬುಡದಲ್ಲಿ; ಹೊರಗೆ ಬಂದ ಎಳೆಗೆ ಜೀವವಿಲ್ಲ, ಅದರ ಮೇಲೆ ಏನನ್ನು ಸವರಿದರೂ ಅದು ಒಂದು ಕೂದಲೆಳೆಯಷ್ಟೂ ಹೆಚ್ಚು ಬೆಳೆಯುವುದಿಲ್ಲ. ಬುಡದಲ್ಲಿ ಪ್ರತಿದಿನ ಬೆಳೆದದ್ದು ತುದಿಯಲ್ಲಿ ಪ್ರತಿದಿನ ಮುರಿಯದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವ ಕೆಲಸ. ಬಿಗಿಯಾಗಿ ಸುರುಳಿ ಸುತ್ತಿಕೊಂಡ ಕೂದಲಿನ ಮಟ್ಟಿಗೆ ಈ ಕೆಲಸವನ್ನು ಒಂದು ವಿದ್ಯೆಯಾಗಿ ಬೆಳೆಸಿದವರು ಆಫ್ರಿಕದ ಮತ್ತು ಅಮೆರಿಕದ ಕಪ್ಪು ಹೆಂಗಸರು. ನಾನು ಅದನ್ನು ಕಲಿತದ್ದು ಅಟ್ಲಾಂಟಾ ನಗರದಲ್ಲಿ, ನೆರೆಮನೆಯ ತಾಯಿಯೊಬ್ಬರಿಂದ. ಆ ವಿದ್ಯೆಯನ್ನು ಇವತ್ತು ಯಲ್ಲಾಪುರದಲ್ಲಿ, ಆಫ್ರಿಕ ಮೂಲದ ಸಿದ್ದಿ ಹುಡುಗಿಯರು ಅರ್ಧಕ್ಕಿಂತ ಹೆಚ್ಚಿರುವ ಈ ಸಭೆಯಲ್ಲಿ ಹೇಳುವುದಕ್ಕೆ ಒಂದು ಕಾರಣವಿದೆ.

ನಾನು ಹುಟ್ಟಿದ್ದು ಶಿರಸಿಯ ಹತ್ತಿರದ ಹಳ್ಳಿಯಲ್ಲಿ. ನಾಲ್ಕನೆಯ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸಿದ್ದಿ ಗೆಳತಿಯ ತಲೆಯನ್ನು ಪ್ರತಿ ಬೇಸಿಗೆಯಲ್ಲೂ ಅವಳ ಅಜ್ಜಿ ಗಿಡ್ಡವಾಗಿ ಕತ್ತರಿಸುತ್ತಿದ್ದರು. ಕೇಳಿದರೆ, ಇದು ಬೆಳೆಯುವ ಜಾತಿಯ ಕೂದಲಲ್ಲ ತಂಗಿ ಎನ್ನುತ್ತಿದ್ದರು. ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿಕೊಂಡು ಬರಬೇಕೆಂಬ ನಿಯಮವಿದ್ದ ಶಾಲೆಯಲ್ಲಿ ಅವಳೊಬ್ಬಳಿಗೆ ಜಡೆಯಿರಲಿಲ್ಲ, ಅದಕ್ಕಾಗಿ ಅವಳು ಕೇಳಿಸಿಕೊಂಡ ಮಾತುಗಳನ್ನು ನಾನು ಇಲ್ಲಿ ಮತ್ತೆ ಆಡಲಾರೆ. ಅಜ್ಜಿ ಸುಳ್ಳು ಹೇಳಲಿಲ್ಲ. ಕಣ್ಣಿಗೆ ಕಂಡದ್ದನ್ನೇ ಹೇಳಿದರು. ಆದರೆ ಕಂಡದ್ದರ ಕಾರಣ ಬೇರೆಯಿತ್ತು.

ಲೆಕ್ಕದಿಂದಲೇ ಆರಂಭಿಸೋಣ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಫ್ರಿಕನ್ ಮೂಲದವರ ಕೂದಲು ದಿನಕ್ಕೆ ಸರಾಸರಿ 256 ಮೈಕ್ರೋಮೀಟರ್, ಯೂರೋಪಿಯನ್ ಮೂಲದವರದು 396 ಮೈಕ್ರೋಮೀಟರ್ ಬೆಳೆಯುವುದು ಕಂಡುಬಂತು. ವರ್ಷಕ್ಕೆ ಗುಣಿಸಿದರೆ ಮೊದಲನೆಯದು 9 ಸೆಂಟಿಮೀಟರಿಗಿಂತ ತುಸು ಹೆಚ್ಚು, ಎರಡನೆಯದು 14 ಸೆಂಟಿಮೀಟರಿಗಿಂತ ತುಸು ಹೆಚ್ಚು. ವ್ಯತ್ಯಾಸ ನಿಜ. ಆದರೆ ತಲೆಯ ಒಂದೊಂದು ಕೂದಲೂ ಉದುರುವ ಮೊದಲು ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ನಾಲ್ಕೇ ವರ್ಷ ಎಂದು ಹಿಡಿದರೂ, ನಿಧಾನವಾಗಿ ಬೆಳೆಯುವ ಈ ಕೂದಲು ಮುರಿಯದೆ ಉಳಿದರೆ 37 ಸೆಂಟಿಮೀಟರ್ ಆಗಬೇಕು. ಕತ್ತಿನ ಹಿಂದಿನಿಂದ ಅಳೆದರೆ ಅದು ಬೆನ್ನಿನ ನಡುವಿನವರೆಗೆ ಬರುತ್ತದೆ. ನನ್ನ ಗೆಳತಿಯ ಕೂದಲು ಎಂದೂ ಕಿವಿಯ ಕೆಳಗೆ ಇಳಿಯಲಿಲ್ಲ. ಹಾಗಾದರೆ ಉಳಿದದ್ದೆಲ್ಲ ಎಲ್ಲಿಗೆ ಹೋಯಿತು?

ಸ್ವಲ್ಪ ಭಾಗ ಎಲ್ಲಿಗೂ ಹೋಗಿರುವುದಿಲ್ಲ, ಸುರುಳಿಯೊಳಗೇ ಅಡಗಿರುತ್ತದೆ. ಎಳೆದು ಹಿಡಿದರೆ ಭುಜ ಮುಟ್ಟುವ ಕೂದಲು ಕೈಬಿಟ್ಟ ಕೂಡಲೇ ಕಿವಿಯ ಮೇಲಕ್ಕೆ ಸರಿಯುವುದನ್ನು ನಿಮ್ಮಲ್ಲಿ ಹಲವರು ದಿನವೂ ನೋಡಿದ್ದೀರಿ. ಉಳಿದದ್ದು ನಿಜವಾಗಿಯೂ ಮುರಿದು ಹೋಗಿರುತ್ತದೆ. ನೇರ ಕೂದಲನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಮಟ್ಟಿಗೆ ದುಂಡಗೆ ಕಾಣುತ್ತದೆ. ಬಿಗಿ ಸುರುಳಿಯ ಕೂದಲು ಚಪ್ಪಟೆಯಾದ ಅಂಡಾಕಾರದ್ದು. ಅದು ತನ್ನನ್ನು ತಾನೇ ತಿರುಚಿಕೊಳ್ಳುತ್ತ ಸಾಗುತ್ತದೆ, ತಿರುಚಿದ ಒಂದೊಂದು ಕಡೆಯೂ ಒಂದೊಂದು ಬಲಹೀನ ಜಾಗ. ನೆತ್ತಿಯ ಗ್ರಂಥಿಗಳಿಂದ ಹೊರಡುವ ಜಿಡ್ಡು ನೇರ ಕೂದಲಿನ ಮೇಲೆ ತಾನಾಗಿ ತುದಿಯತ್ತ ಇಳಿಯುತ್ತದೆ, ಇಷ್ಟು ತಿರುವುಗಳಿರುವ ದಾರಿಯಲ್ಲಿ ಅದು ಬುಡದ ಹತ್ತಿರವೇ ನಿಂತುಬಿಡುತ್ತದೆ. ಹೀಗಾಗಿ ಅತಿ ಹಳೆಯದೂ ಅತಿ ಸವೆದದ್ದೂ ಆದ ತುದಿಗಳೇ ಅತಿ ಒಣಗಿರುತ್ತವೆ. ಅಕ್ಕಪಕ್ಕದ ಸುರುಳಿಗಳು ಒಂದಕ್ಕೊಂದು ತೊಡರಿ ಗಂಟಾಗುತ್ತವೆ. ಆ ಗಂಟಿನ ಮೇಲೆ ಸೀರಣಿಗೆಯಂಥ ಸಣ್ಣ ಹಲ್ಲಿನ ಬಾಚಣಿಗೆಯನ್ನು ಬುಡದಿಂದ ಎಳೆದಾಗ ಕೇಳುವ ಚಟಪಟ ಸದ್ದು, ಆ ತಿಂಗಳು ಬೆಳೆದದ್ದಷ್ಟೂ ಮುರಿಯುವ ಸದ್ದು.

ಇಷ್ಟನ್ನು ತಿಳಿದುಕೊಳ್ಳಲು ಅಮೆರಿಕದ ಕಪ್ಪು ಹೆಂಗಸರು ತುಂಬ ದೊಡ್ಡ ಬೆಲೆ ತೆತ್ತರು. ಗುಲಾಮಗಿರಿಯ ಕಾಲದಲ್ಲಿ ಅವರಿಗೆ ತಲೆ ಬಾಚಿಕೊಳ್ಳುವ ಬಿಡುವೂ ಇರಲಿಲ್ಲ, ಆಫ್ರಿಕದಲ್ಲಿ ಬಳಸುತ್ತಿದ್ದ ಎಣ್ಣೆ ಬೆಣ್ಣೆಗಳೂ ಸಿಗುತ್ತಿರಲಿಲ್ಲ. ಸ್ವತಂತ್ರರಾಗಿದ್ದವರ ಪಾಡೂ ಸುಖದ್ದಲ್ಲ: 1786ರಲ್ಲಿ ಲೂಸಿಯಾನಾದ ಸ್ಪ್ಯಾನಿಷ್ ಗವರ್ನರ್ ಎಸ್ತೆಬಾನ್ ಮಿರೋ, ಆ ಹೆಂಗಸರು ಕೂದಲು ಕಾಣದಂತೆ ತಲೆಗೆ ವಸ್ತ್ರ ಕಟ್ಟಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಮುಂದೆ ಕಾದ ಕಬ್ಬಿಣದ ಬಾಚಣಿಗೆ ಬಂತು, ಆಮೇಲೆ ಕೂದಲನ್ನು ನೇರಗೊಳಿಸುವ ಕ್ಷಾರಗಳು ಬಂದವು. 1867ರಲ್ಲಿ ಲೂಸಿಯಾನಾದ ಡೆಲ್ಟಾದಲ್ಲಿ ಹುಟ್ಟಿ, ಮ್ಯಾಡಮ್ ಸಿ. ಜೆ. ವಾಕರ್ ಎಂಬ ಹೆಸರಿನಿಂದ ದೊಡ್ಡ ಉದ್ಯಮಿಯಾಗಿ ಬೆಳೆದ ಸಾರಾ ಬ್ರೀಡ್‌ಲವ್ ಅವರನ್ನು ಕೂದಲು ನೇರ ಮಾಡುವುದನ್ನು ಕಲಿಸಿದವರೆಂದೇ ಹಲವರು ನೆನೆಯುತ್ತಾರೆ. ಆದರೆ ತಮ್ಮದೇ ತಲೆಯ ಕೂದಲು ಉದುರುವುದನ್ನು ಕಂಡು ಅವರು ಮೊದಲು ಹುಡುಕಿದ್ದು ನೆತ್ತಿಯ ಆರೋಗ್ಯವನ್ನು. ಅವರು ಮಾರಿದ ಮುಲಾಮಿನಲ್ಲಿ ಮುಖ್ಯವಾಗಿದ್ದದ್ದು ಗಂಧಕ. ಈ ನ್ಯಾಯವನ್ನು ಅವರಿಗೆ ಸಲ್ಲಿಸಬೇಕೆಂದು ನನಗೆ ಸದಾ ಅನ್ನಿಸುತ್ತದೆ.

ನೇರಗೊಳಿಸುವ ಕ್ಷಾರದ ಬಗ್ಗೆ ಒಬ್ಬ ರಸಾಯನಶಾಸ್ತ್ರಜ್ಞೆಯಾಗಿ ಹೇಳಲೇಬೇಕಾದದ್ದಿದೆ. ಅದರಲ್ಲಿರುವ ಸೋಡಿಯಂ ಹೈಡ್ರಾಕ್ಸೈಡ್ ಎಂದರೆ ಸಾಬೂನು ಕಾಯಿಸಲು ಬಳಸುವ ಕಾಸ್ಟಿಕ್ ಸೋಡಾ. ಕೂದಲಿಗೆ ಗಟ್ಟಿತನ ಕೊಡುವ ಗಂಧಕದ ಬಂಧಗಳನ್ನೇ ಅದು ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು 33,497 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2022ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿಯಂತೆ, ಕೂದಲು ನೇರಗೊಳಿಸುವ ಉತ್ಪನ್ನಗಳನ್ನು ಪದೇ ಪದೇ ಬಳಸಿದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡಾ 4.05, ಬಳಸದವರಲ್ಲಿ ಶೇಕಡಾ 1.64. ಇದು ಸಂಬಂಧವನ್ನು ತೋರಿಸುವ ಅಧ್ಯಯನ, ಕಾರಣವನ್ನು ಸಾಬೀತು ಮಾಡಿದ್ದಲ್ಲ. ಆದರೂ ನನ್ನ ಮನೆಯ ಮಗುವಿನ ತಲೆಗೆ ನಾನು ಅದನ್ನು ಹಚ್ಚಲಾರೆ.

ಈ ಕ್ಷಾರಗಳನ್ನು ಬಿಟ್ಟು, ಹುಟ್ಟಿದ ಸುರುಳಿಯನ್ನೇ ಬೆಳೆಸಲು ಹೊರಟವರ ನಡುವೆ ಎರಡು ಮಾತುಗಳು ನೆಲೆಯೂರಿದವು. ಒಂದು, ಕೂದಲಿಗೆ ಕೈ ಹಚ್ಚುವುದನ್ನು ಕಡಿಮೆ ಮಾಡು. ಇನ್ನೊಂದು, ಅದರೊಳಗಿನ ತೇವವನ್ನು ಕಾಪಾಡು. ಅಟ್ಲಾಂಟಾದ ನನ್ನ ನೆರೆಮನೆಯಲ್ಲಿ ಇದಕ್ಕೆಂದೇ ಮೀಸಲಾದದ್ದು ಭಾನುವಾರ. ಅವರು ಅದನ್ನು ತಲೆ ತೊಳೆಯುವ ದಿನ ಎಂದು ಕರೆಯುತ್ತಿದ್ದರು, ಹೆಸರಿಗೆ ತಕ್ಕಂತೆ ದಿನದ ಬಹುಪಾಲು ಅದಕ್ಕೇ ಹೋಗುತ್ತಿತ್ತು. ನಮ್ಮಲ್ಲಿ ಅಭ್ಯಂಜನಕ್ಕೆ ಇರುವ ಶ್ರದ್ಧೆಯನ್ನೇ ನಾನು ಅಲ್ಲಿ ಕಂಡೆ.

ತಾಯಿ ಮೊದಲು ಮಗಳ ಕೂದಲನ್ನು ಆರೋ ಎಂಟೋ ಪಾಲು ಮಾಡಿ, ಒಂದೊಂದನ್ನೂ ಸಡಿಲವಾಗಿ ಸುತ್ತಿ ಕ್ಲಿಪ್ಪು ಹಾಕುತ್ತಿದ್ದರು. ಶಾಂಪೂವನ್ನು ನೀರಿನಲ್ಲಿ ಕದಡಿ ನೆತ್ತಿಗಷ್ಟೇ ಹಚ್ಚಿ ಬೆರಳ ತುದಿಯಿಂದ ಉಜ್ಜುತ್ತಿದ್ದರು. ನೊರೆ ಇಳಿದುಹೋಗುವಾಗ ಎಳೆಗಳು ತೊಳೆಯುವಷ್ಟು ತೊಳೆದುಕೊಂಡರೆ ಸಾಕು ಎನ್ನುವುದು ಅವರ ಲೆಕ್ಕ. ಆಮೇಲೆ ಧಾರಾಳವಾಗಿ ಕಂಡೀಷನರ್ ಹಚ್ಚಿ, ನೀರು ಮತ್ತು ಕಂಡೀಷನರ್ ಎರಡೂ ಇರುವಾಗಲೇ ಸಿಕ್ಕು ಬಿಡಿಸುತ್ತಿದ್ದರು. ಒದ್ದೆ ಕೂದಲು ಬಾಚಬೇಡ ಎಂದು ನಮ್ಮ ಅಮ್ಮಂದಿರು ಹೇಳಿದ ಮಾತು ನೇರ ಕೂದಲಿಗೆ ಸರಿಯಾದದ್ದು. ಬಿಗಿ ಸುರುಳಿಯ ಕೂದಲಿನಲ್ಲಿ ಅದು ತಿರುಗುಮುರುಗಾಗುತ್ತದೆ: ಒಣಗಿದಾಗ ಬಾಚಲು ಬೇಕಾಗುವ ಬಲ ಒದ್ದೆಯಾಗಿರುವಾಗ ಬೇಕಾದುದಕ್ಕಿಂತ ಬಹಳ ಹೆಚ್ಚು. ಮೊದಲು ಬೆರಳುಗಳಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಲ್ಲಿ ಶುರು ಮಾಡಿ ಒಂದೊಂದೇ ಅಂಗುಲ ಮೇಲೆ ಸರಿಯುತ್ತ, ಬಾಚುವ ಜಾಗದ ಮೇಲ್ಗಡೆ ಇನ್ನೊಂದು ಕೈಯಿಂದ ಹಿಡಿದುಕೊಂಡು ಅವರು ಸಿಕ್ಕು ಬಿಡಿಸುವುದನ್ನು ನಾನು ಎಷ್ಟೋ ವಾರ ಕೂತು ನೋಡಿದ್ದೇನೆ. ಗಂಟು ಸಿಕ್ಕರೆ ಎಳೆಯುತ್ತಿರಲಿಲ್ಲ, ಇನ್ನಷ್ಟು ಕಂಡೀಷನರ್ ಹಾಕಿ ಕಾಯುತ್ತಿದ್ದರು. ಮಗು ಅಳುತ್ತಿರಲಿಲ್ಲ. ನನ್ನನ್ನು ಮುಟ್ಟಿದ್ದು ಅದು. ಸಿಕ್ಕು ಬಿಡಿಸುವಾಗ ನನ್ನ ಗೆಳತಿ ಅಳುತ್ತಿದ್ದುದು ನನ್ನ ಕಿವಿಯಲ್ಲಿ ಇನ್ನೂ ಇತ್ತು.

ತೊಳೆದ ಮೇಲೆ ಒರಟು ಟವೆಲ್ಲಿನಿಂದ ತಿಕ್ಕುವ ಬದಲು ಹಳೆಯ ಹತ್ತಿಯ ಅಂಗಿಯಿಂದ ನೀರನ್ನು ಒತ್ತಿ ತೆಗೆಯುತ್ತಿದ್ದರು. ಕೂದಲು ಇನ್ನೂ ತೇವವಿರುವಾಗಲೇ ತೊಳೆಯದೆ ಬಿಡುವ ತೆಳುವಾದ ಕಂಡೀಷನರ್, ಅದರ ಮೇಲೆ ಎಣ್ಣೆ, ಅದರ ಮೇಲೆ ಶಿಯಾ ಬೆಣ್ಣೆ ಬೆರೆತ ಗಟ್ಟಿ ಕ್ರೀಮು. ಶಿಯಾ ಎನ್ನುವುದು ಘಾನಾ, ಬುರ್ಕಿನಾ ಫಾಸೊ, ಮಾಲಿ ಮೊದಲಾದ ಪಶ್ಚಿಮ ಆಫ್ರಿಕದ ದೇಶಗಳಲ್ಲಿ ಹೆಂಗಸರು ಕಾಯಿ ಆಯ್ದು, ಹುರಿದು, ಅರೆದು, ಕೈಯಿಂದ ಕಡೆದು ತೆಗೆಯುವ ಕೊಬ್ಬು. ಕೊನೆಗೆ ಒಂದೊಂದು ಪಾಲನ್ನೂ ಎರಡು ಎಳೆಯಾಗಿ ಸೀಳಿ, ಹಗ್ಗ ಹೊಸೆದಂತೆ ಒಂದರ ಮೇಲೊಂದು ಸುತ್ತಿ ತುದಿಯವರೆಗೆ ಹೊಸೆದುಬಿಡುತ್ತಿದ್ದರು. ಹೊಸೆದ ಆ ಎಳೆಗಳನ್ನು ಮುಂದಿನ ಭಾನುವಾರದವರೆಗೆ, ಒಮ್ಮೊಮ್ಮೆ ಅದರಾಚೆಯ ಭಾನುವಾರದವರೆಗೆ ಯಾರೂ ಬಿಚ್ಚುತ್ತಿರಲಿಲ್ಲ, ಬಾಚುತ್ತಿರಲಿಲ್ಲ. ಮಗು ಮಲಗುವಾಗ ತಲೆಗೆ ಸ್ಯಾಟಿನ್ ಟೊಪ್ಪಿಗೆ ಹಾಕುತ್ತಿತ್ತು, ಏಕೆಂದರೆ ಹತ್ತಿಯ ದಿಂಬು ತೇವವನ್ನು ಹೀರುತ್ತದೆ, ತಿಕ್ಕಾಟದಲ್ಲಿ ತುದಿಗಳನ್ನು ಸವೆಸುತ್ತದೆ. ವಾರದ ನಡುವೆ ಒಂದೆರಡು ಬಾರಿ ನೀರನ್ನು ಸಣ್ಣಗೆ ಸಿಂಪಡಿಸಿ, ತುದಿಗಳಿಗೆ ಎರಡು ಹನಿ ಎಣ್ಣೆ ಸವರಿದರೆ ಆರೈಕೆ ಮುಗಿಯಿತು.

ಇಲ್ಲಿ ಎಣ್ಣೆಯ ಬಗ್ಗೆ ನಮ್ಮವರಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಎಣ್ಣೆ ತೇವ ಕೊಡುವುದಿಲ್ಲ. ತೇವ ಎಂದರೆ ನೀರು, ಎಣ್ಣೆಯಲ್ಲಿ ನೀರಿಲ್ಲ. ಒಣಗಿದ ಕೂದಲಿಗೆ ಎಣ್ಣೆ ಸುರಿದರೆ ಜಿಡ್ಡಾದ ಒಣ ಕೂದಲು ಸಿಗುತ್ತದೆ. ನೀರು ಒಳಗೆ ಹೋದ ಮೇಲೆ ಅದು ಬೇಗ ಆವಿಯಾಗದಂತೆ ತಡೆಯುವುದು ಎಣ್ಣೆಯ ಕೆಲಸ, ಆದ್ದರಿಂದಲೇ ನೀರು ಮೊದಲು, ಎಣ್ಣೆ ಆಮೇಲೆ. ಹಾಗೆಂದು ಕೊಬ್ಬರಿ ಎಣ್ಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಮುಂಬೈಯ ಇಬ್ಬರು ವಿಜ್ಞಾನಿಗಳು 2003ರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲ ಮೂರನ್ನೂ ಹೋಲಿಸಿ ನೋಡಿದಾಗ, ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ಕವಲಿಲ್ಲದ್ದು. ಅದು ಎಳೆಯ ಒಳಕ್ಕೆ ಇಳಿಯಬಲ್ಲದು. ಕೂದಲು ತನ್ನ ತೂಕದ ಶೇಕಡಾ 30ರಷ್ಟು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೆ ಮತ್ತೆ ಮತ್ತೆ ಉಬ್ಬಿ ಕುಗ್ಗಿದಾಗ ಹೊರಪದರದಲ್ಲಿ ಹೆಂಚಿನಂತೆ ಹೊಂದಿಕೊಂಡಿರುವ ಚಕ್ಕೆಗಳು ಸಡಿಲವಾಗುತ್ತವೆ. ತಲೆಗೆ ಸ್ನಾನ ಮಾಡುವ ಮೊದಲು ಎಣ್ಣೆ ಹಚ್ಚುವ ನಮ್ಮ ಅಜ್ಜಿಯಂದಿರ ಪದ್ಧತಿ ಈ ಉಬ್ಬರವನ್ನು ಮಿತಿಯಲ್ಲಿಡುತ್ತದೆ. ಆದ್ದರಿಂದ ದಿನವೂ ತಲೆ ನೆನೆಸುವುದೂ ಆರೈಕೆಯಲ್ಲ. ದಾಸವಾಳದ ಸೊಪ್ಪನ್ನು ನೀರಿನಲ್ಲಿ ಕಿವುಚಿ ಮಾಡುವ ಗೊಂಪು ನಿಮ್ಮ ಹಿತ್ತಲಲ್ಲೇ ಸಿಗುತ್ತದೆ. ಅದರ ಲೋಳೆ ಎಳೆಗಳ ನಡುವೆ ಜಾರಿಕೆ ತರುವುದರಿಂದ, ಸಿಕ್ಕು ಬಿಡಿಸಲು ಅಂಗಡಿಯ ಕಂಡೀಷನರಿನ ಜಾಗದಲ್ಲಿ ಅದನ್ನು ಧೈರ್ಯವಾಗಿ ಬಳಸಬಹುದು.

ಚಾಡ್ ದೇಶದ ಬಸಾರಾ ಹೆಂಗಸರ ಹೆಸರನ್ನು ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿ ಕೇಳಿರಬಹುದು. ಕ್ರೋಟನ್ ಜಾತಿಯ ಗಿಡದ ಬೀಜವನ್ನು ಹುರಿದು, ಲವಂಗ ಮುಂತಾದವುಗಳೊಂದಿಗೆ ಪುಡಿಮಾಡಿ ತಯಾರಿಸುವ ಚೆಬೆ ಎಂಬ ಪುಡಿ ಅವರದು; ಅವರ ಕೂದಲು ಸೊಂಟದ ಕೆಳಗೂ ಇಳಿಯುತ್ತದೆ. ಈಗ ಆ ಪುಡಿ ಜಗತ್ತಿನಾದ್ಯಂತ ಮಾರಾಟವಾಗುತ್ತಿದೆ. ಆದರೆ ಅವರು ಮಾಡುವುದೇನೆಂದು ನಿಧಾನವಾಗಿ ನೋಡಿ: ಪುಡಿಯನ್ನು ಎಣ್ಣೆಯೊಡನೆ ಕಲಸಿ, ನೆತ್ತಿಗೆ ತಾಗಿಸದೆ ತೇವವಾದ ಎಳೆಗಳಿಗಷ್ಟೇ ಬಳಿದು, ಜಡೆ ಹೆಣೆದು, ದಿನಗಟ್ಟಲೆ ಬಿಚ್ಚದೆ ಬಿಡುತ್ತಾರೆ. ನೀರು, ಎಣ್ಣೆಯ ತಡೆ, ಕೈ ಹಚ್ಚದ ಜಡೆ. ಅಟ್ಲಾಂಟಾದ ಭಾನುವಾರದಲ್ಲಿದ್ದದ್ದೂ ಇವೇ ಮೂರು. ಹೆಸರು ಪುಡಿಗೆ ಬಂದಿದೆ, ಆದರೆ ಕೆಲಸ ಮಾಡಿದ್ದು ಜಡೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಜಡೆಯೂ ಕೆಡುಕು ಮಾಡಬಲ್ಲದು ಎನ್ನುವುದನ್ನು ಮರೆಯಬಾರದು. ಹಣೆಯ ಅಂಚಿನ, ಕಿವಿಯ ಮೇಲಿನ ಕೂದಲು ಬಹಳ ನಯ. ಅಲ್ಲಿಂದ ಬಿಗಿದು ಎಳೆದು ಹೆಣೆದರೆ ಮೊದಲು ಸಣ್ಣ ಗುಳ್ಳೆಗಳೇಳುತ್ತವೆ, ನೋಯುತ್ತದೆ, ಆಮೇಲೆ ಕೂದಲು ತೆಳುವಾಗುತ್ತದೆ. ವರ್ಷಗಟ್ಟಲೆ ಹಾಗೇ ಮುಂದುವರಿದರೆ ಬುಡವೇ ಸತ್ತು ಮತ್ತೆಂದೂ ಹುಟ್ಟುವುದಿಲ್ಲ. ಎಳೆತದಿಂದ ಕೂದಲು ಹೋಗುವ ಈ ಕಾಯಿಲೆಯನ್ನು ಮೊದಲು ದಾಖಲಿಸಿದ್ದು 1907ರಲ್ಲಿ, ಕೂದಲನ್ನು ಬಿಗಿಯಾಗಿ ಮೇಲಕ್ಕೆತ್ತಿ ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ. ಅಂದರೆ ಇದು ಯಾವುದೇ ಒಂದು ಬಣ್ಣದವರ, ಒಂದು ಬಗೆಯ ಕೂದಲಿನವರ ಕಾಯಿಲೆಯಲ್ಲ. ಹೆಣೆದ ಮೇಲೆ ತಲೆ ನೋಯುತ್ತಿದ್ದರೆ ಆಗಲೇ ಬಿಚ್ಚಿ. ಎರಡು ದಿನದಲ್ಲಿ ಹೊಂದಿಕೊಳ್ಳುತ್ತದೆ ಎನ್ನುವವರ ಮಾತು ಕೇಳಬೇಡಿ. ಹೊರಗಿನ ಕೂದಲು ಸೇರಿಸಿ ಹೆಣೆದ ಜಡೆಯನ್ನು ಆರರಿಂದ ಎಂಟು ವಾರಕ್ಕಿಂತ ಹೆಚ್ಚು ಇಟ್ಟುಕೊಂಡರೆ, ಉದುರಿದ ಕೂದಲೆಲ್ಲ ಬುಡದಲ್ಲಿ ಸೇರಿ ಗಂಟುಗಟ್ಟುತ್ತದೆ. ಉಳಿಸಿದ್ದನ್ನು ಬಿಚ್ಚುವ ದಿನ ಕಳೆದುಕೊಳ್ಳಬೇಕಾಗುತ್ತದೆ. ಆ ಹೊರಗಿನ ಕೂದಲಿಗೂ ನಮ್ಮ ನಾಡಿಗೂ ಸಂಬಂಧವಿದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಹೆಂಗಸರು ಕೂತು ಎಳೆ ಎಳೆಯಾಗಿ ಬಿಡಿಸಿ ಉದ್ದದ ಪ್ರಕಾರ ಕಟ್ಟುವ ಕೂದಲು ಹೊರದೇಶಗಳಿಗೆ ಹೋಗುತ್ತದೆ.

2019ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕ್ರೌನ್ ಕಾಯ್ದೆಗೆ ಅಂಗೀಕಾರ ನೀಡಿತು. ಹುಟ್ಟಿದ ಸುರುಳಿಯನ್ನೋ ಹೊಸೆದ ಜಡೆಗಳನ್ನೋ ಕಾರಣವಾಗಿಟ್ಟುಕೊಂಡು ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಭೇದ ಮಾಡಬಾರದೆನ್ನುವ ಕಾಯ್ದೆ ಅದು. ಆಮೇಲೆ ಇನ್ನೂ ಹಲವು ರಾಜ್ಯಗಳು ಅದೇ ಹಾದಿ ಹಿಡಿದವು. ಅದನ್ನು ಓದಿದ ದಿನ ನನಗೆ ನೆನಪಾದದ್ದು ನನ್ನ ಶಾಲೆಯ ಎರಡು ಜಡೆಯ ನಿಯಮ. ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡುಗಳಿಗೆ ಸೇರಿದವರ ಮಕ್ಕಳು ನೀವು. ನಿಮ್ಮ ತಲೆಯ ಮೇಲಿರುವುದು ಮೊಜಾಂಬಿಕಿನ, ಪೂರ್ವ ಆಫ್ರಿಕದ ಸುರುಳಿ. ನೀವು ಮಾತಾಡುವುದು ಕನ್ನಡ, ಕೊಂಕಣಿ; ಆದ್ದರಿಂದ ಈ ಕೂದಲಿನ ಆರೈಕೆಯ ಮಾತು ನಿಮಗೆ ಕನ್ನಡದಲ್ಲೇ ಸಿಗಬೇಕು. ಅಂಗಡಿಯಲ್ಲಿ ಸಿಗುವ ಸೀಸೆಗಳ ಮೇಲಿನ ಸೂಚನೆಗಳೆಲ್ಲ ಬೇರೆ ಕೂದಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಶಿಕ್ಷಕಿಯರು ಈ ಸಭೆಯಲ್ಲಿದ್ದೀರಿ. ಎಂಟು ಹೊಸೆದ ಎಳೆಗಳನ್ನು ಎರಡು ಗುಂಪು ಮಾಡಿ ರಿಬ್ಬನ್ ಕಟ್ಟಿದರೆ ಅದನ್ನೂ ಎರಡು ಜಡೆ ಎಂದು ಒಪ್ಪಿಕೊಳ್ಳಿ ಎಂದು ನಿಮ್ಮನ್ನು ಕೈಮುಗಿದು ಕೇಳುತ್ತೇನೆ.

ಮಾತು ಮುಗಿದ ಮೇಲೆ ಹಾಸ್ಟೆಲಿನಲ್ಲಿರುವ ಒಬ್ಬ ಹುಡುಗಿ ಎದ್ದು, "ಅಕ್ಕಾ, ನಮಗೆ ಭಾನುವಾರ ಸಿಗೂದು ಒಂದು ತಾಸು, ಎರಡು ಬಕೆಟ್ ನೀರು. ಅಷ್ಟರಲ್ಲಿ ಇದೆಲ್ಲ ಆಗ್ತದಾ?" ಎಂದು ಕೇಳಿದಳು. ಆಗುತ್ತದೆ. ಶನಿವಾರ ರಾತ್ರಿಯೇ ಕೊಬ್ಬರಿ ಎಣ್ಣೆ ಹಚ್ಚಿ, ಕೂದಲನ್ನು ಆರು ಪಾಲು ಮಾಡಿ ಸಡಿಲವಾಗಿ ಹೊಸೆದು ಮಲಗಿ. ಬೆಳಿಗ್ಗೆ ಹೊಸೆದದ್ದನ್ನು ಬಿಚ್ಚದೆ ಮೊದಲ ಬಕೆಟ್ಟಿನಲ್ಲಿ ನೆತ್ತಿಯನ್ನು ತೊಳೆಯಿರಿ. ಆಮೇಲೆ ಒಂದೊಂದನ್ನೇ ಬಿಚ್ಚಿ, ಗೊಂಪು ಹಚ್ಚಿ, ತುದಿಯಿಂದ ಸಿಕ್ಕು ಬಿಡಿಸಿ, ಎರಡನೆಯ ಬಕೆಟ್ಟಿನಲ್ಲಿ ತೊಳೆದು, ಒದ್ದೆಯಿರುವಾಗಲೇ ನಾಲ್ಕು ಹನಿ ಎಣ್ಣೆ ಸವರಿ ಮತ್ತೆ ಹೊಸೆಯಿರಿ. ಇಬ್ಬರು ಗೆಳತಿಯರು ಒಬ್ಬರ ತಲೆಯನ್ನೊಬ್ಬರು ಹಿಡಿದರೆ ತಾಸಿನೊಳಗೆ ಮುಗಿಯುತ್ತದೆ. ರಾತ್ರಿ ತಲೆಗೆ ಸ್ಯಾಟಿನ್ ಟೊಪ್ಪಿಗೆ ಇಲ್ಲದಿದ್ದರೆ ಅಮ್ಮನ ಹಳೆಯ ರೇಷ್ಮೆ ಸೀರೆಯ ತುಂಡು ಸಾಕು. ಇವತ್ತು ಒಂದು ಎಳೆಯನ್ನು ಎಳೆದು ಹಿಡಿದು ಸ್ಕೇಲಿನಿಂದ ಅಳೆದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆರು ತಿಂಗಳವರೆಗೆ ಮತ್ತೆ ಅಳೆಯಬೇಡಿ.